ಹತ್ತು ಲಕ್ಷದ ಮೂರು

ಡಬ್ಬಿಗಳ ಕೆಳಗೆ ಹಾಸಲು ಹಳೆಯ ಕ್ಯಾಲೆಂಡರಿನ ಹಾಳೆಯಂಥ ಕಾಗದ ಇನ್ನೊಂದಿಲ್ಲ. ಪೇಪರು ಹಾಸಿದರೆ ಮೂರು ದಿನಕ್ಕೆ ಎಣ್ಣೆ ಕುಡಿದು ಡಬ್ಬಿಯ ತಳಕ್ಕೆ ಅಂಟಿಕೊಳ್ಳುತ್ತದೆ. ಪ್ಲಾಸ್ಟಿಕ್ಕು ಹಾಸಿದರೆ ಜಿರಳೆಗಳಿಗೆ ಮನೆ ಕಟ್ಟಿಕೊಟ್ಟ ಹಾಗೆ. ಇದು ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ಮಹಡಿಯ ಮೇಲಿನ ಒಂದೇ ಖೋಲಿಯಲ್ಲಿ ಇಪ್ಪತ್ತೆರಡು ವರ್ಷ ಒಂಟಿ ಸಂಸಾರ ಮಾಡಿದವಳ ಅನುಭವ. ನೀವು ಒಪ್ಪದಿದ್ದರೆ ಬಿಡಿ, ನನ್ನ ಮನೆಯಲ್ಲಿ ಅದೇ ಕಾಯದೆ.

ಮೊನ್ನೆ ಭಾನುವಾರ ಗೋಡೆಯ ಕಪಾಟು ತೊಳೆದೆ. ಅದಕ್ಕೆ ನಾಲ್ಕು ಖಾನೆ. ಈಗ ಅದರಲ್ಲಿ ನನ್ನವು ಎರಡೇ. ಉಳಿದೆರಡು ಹೇಗೆ ಕೈಬಿಟ್ಟವು ಎಂಬುದನ್ನೇ ಹೇಳಹೊರಟಿದ್ದೇನೆ. ತೊಳೆದ ಮೇಲೆ ಹಾಸಲು ಹಾಳೆ ಹುಡುಕುತ್ತ ಗಾದಿಯ ಕೆಳಗೆ ಕೈ ಹಾಕಿದಾಗ ದಪ್ಪನೆಯದೊಂದು ಸಿಕ್ಕಿತು. ಅಳತೆ ನೋಡಿ ಕತ್ತರಿಯನ್ನೂ ಹಿಡಿದಿದ್ದೆ. ಹಾಳೆ ತಿರುಗಿಸಿದೆ, ಕತ್ತರಿ ಕೆಳಗಿಟ್ಟೆ.

ಮುಂಭಾಗದಲ್ಲಿ ಡಿಸೆಂಬರ್ ತಿಂಗಳು, ಮರದ ಕೆಳಗೆ ಕೂತ ಬುದ್ಧ. ಹಿಂಭಾಗದ ತುಂಬ ಭಾಗಾಕಾರ. ಒಂದರ ಪಕ್ಕ ಒಂದು, ಒತ್ತೊತ್ತಾಗಿ, ಪ್ರತಿಯೊಂದರ ಒಳಗೂ ಕೂತಿರುವುದು ಒಂದೇ ಸಂಖ್ಯೆ: 10,00,003. ಕಟ್ಟಕಡೆಯದು 997ರಿಂದ ಭಾಗಿಸಿದ್ದು. ಅದರ ಬುಡದಲ್ಲಿ ಉಳಿಕೆ 12, ಅದರ ಸುತ್ತ ಎರಡು ಸುತ್ತು ಗೆರೆ. ಪಕ್ಕದಲ್ಲಿ ಅರಿಸಿನದ ಒಂದು ಬೆರಳಚ್ಚು. ಅದು ನಮ್ಮ ಅವ್ವನದು.

ಮುಂದೆ ಹೋಗುವ ಮೊದಲು ಒಂದು ಮಾತು ತಿಳಿಸಿಬಿಡುತ್ತೇನೆ. ನಾನು ಗಣಿತದವಳಲ್ಲ. ಶರಣಸಿರಸಗಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಸಂಧಿ ಸಮಾಸ ಕೇಳಿ, ಹೇಳುತ್ತೇನೆ. ತ್ರಿಕೋನಮಿತಿ ಕೇಳಿದರೆ ಸ್ಟಾಫ್ ರೂಮಿನ ಕಿಟಕಿಯ ಕಡೆ ನೋಡುತ್ತೇನೆ. ಹತ್ತನೆಯ ಇಯತ್ತೆಯಲ್ಲಿ ಗಣಿತದಲ್ಲಿ ನನಗೆ ಬಂದ ಅಂಕ ಪಾಸಾಗಲು ಬೇಕಾದಷ್ಟೇ ಇತ್ತು, ಅದರ ಮೇಲೆ ಒಂದೂ ಉಳಿದಿರಲಿಲ್ಲ. ಆದರೆ ಭಾಗಾಕಾರ ಮಾತ್ರ ನನಗೆ ಶಾಲೆಗೆ ಹೋಗುವ ಮೊದಲೇ ಬರುತ್ತಿತ್ತು. ಕಲಿಸಿದವಳು ಅವ್ವ. ಅವಳಿಗೆ ಇವತ್ತಿಗೂ ಅಕ್ಷರ ಬರುವುದಿಲ್ಲ.

ನಮ್ಮ ಊರು ಕಮಲಾಪುರ. ಕೆಂಪು ಬಾಳೆಹಣ್ಣಿನ ಊರು ಎಂದರೆ ನಿಮಗೆ ಗೊತ್ತಾದೀತು. ಆ ಹಣ್ಣನ್ನು ಮೊದಲ ಸಲ ನೋಡಿದವರು ಇದು ಕೆಟ್ಟಿದೆಯೇನೋ ಎಂದು ಮೂಸಿ ನೋಡುತ್ತಾರೆ, ಆಮೇಲೆ ತಿಂದು, ಎಷ್ಟು ತಿಂದರೆಂದು ತಿಳಿಯದಂತೆ ಸಿಪ್ಪೆ ಮುಚ್ಚಿಡುತ್ತಾರೆ. ಅವ್ವ ಒಬ್ಬರ ಬಾಳೆ ತೋಟದಲ್ಲಿ ಕೂಲಿ. ಹಣ್ಣು ಮಾಗಿದ ದಿನ ಸಿಟಿಗೆ ಬುಟ್ಟಿ ಹೊತ್ತು ಹೋಗುವ ಹೆಣ್ಣುಮಕ್ಕಳು ತೋಟದ ಛಪ್ಪರಕ್ಕೆ ಬರುತ್ತಿದ್ದರು. ಒಂದು ದಿನ ಏಳು ಜನ, ಇನ್ನೊಂದು ದಿನ ಹನ್ನೊಂದು. ಎಷ್ಟೇ ಜನ ಬರಲಿ, ಅಷ್ಟು ಸಮ ಗುಂಪಿ ಹಾಕುವುದು ಅವ್ವನ ಕೆಲಸ. ಒಂದು ಹಣ್ಣು ಹೆಚ್ಚು ಕಡಿಮೆಯಾದರೆ ಛಪ್ಪರದಲ್ಲಿ ಜಗಳ. ಸಮ ಹಂಚಿದ ಮೇಲೆ ಒಂದೋ ಎರಡೋ ನಾಲ್ಕೋ ಉಳಿಯುತ್ತಿದ್ದವಲ್ಲ, ಅವು ಗುಂಪಿ ಹಾಕಿದವಳಿಗೆ. ಆ ತೋಟದ ಪದ್ಧತಿಯೇ ಹಾಗೆ. ಯಾರೂ ಅದನ್ನು ಬರೆದಿಟ್ಟಿರಲಿಲ್ಲ, ಯಾರೂ ಮೀರುತ್ತಲೂ ಇರಲಿಲ್ಲ.

ಹಾಗಾಗಿ ಬೇರೆ ಮಕ್ಕಳು ಉಳಿಕೆ ಸೊನ್ನೆ ಬರಲಿ ಎಂದು ಬೇಡಿಕೊಂಡು ಭಾಗಾಕಾರ ಕಲಿತರೆ, ನಾನು ಸೊನ್ನೆ ಬರದಿರಲಿ ಎಂದು ಬೇಡಿಕೊಂಡು ಕಲಿತೆ. ಬುಟ್ಟಿಯವರು ಎಷ್ಟು ಜನ, ಹಣ್ಣು ಎಷ್ಟು ಎಂದು ಛಪ್ಪರದ ಹೊರಗೆ ನಿಂತೇ ಲೆಕ್ಕ ಹಾಕುತ್ತಿದ್ದೆ. ನಾಲ್ಕು ಉಳಿಯುತ್ತದೆ ಎಂದು ಗೊತ್ತಾದರೆ ಕುಣಿಯುತ್ತಿದ್ದೆ. ಶಾಲೆಯಲ್ಲಿ ಮಾಸ್ತರು ಅವಿಭಾಜ್ಯ ಸಂಖ್ಯೆಯ ಪಾಠ ಮಾಡಿದ ದಿನ, ಒಂದರಿಂದ ಮತ್ತು ತನ್ನಿಂದಲ್ಲದೆ ಬೇರೆ ಯಾವುದರಿಂದಲೂ ಪೂರ್ತಿ ಭಾಗವಾಗದ ಸಂಖ್ಯೆ ಎಂದು ಬರೆಸಿದರು. ಎಷ್ಟು ಗುಂಪಿ ಹಾಕಿದರೂ ಮಗಳಿಗೆ ಹಣ್ಣು ಖಾತ್ರಿ ಇರುವ ಸಂಖ್ಯೆ ಎಂದು ನಾನು ತಿಳಿದುಕೊಂಡೆ. ಈಗಲೂ ಹಾಗೆಯೇ ತಿಳಿದಿದ್ದೇನೆ.

ಒಂದು ದಿನ ಮಾತ್ರ ಗುಂಪಿಗಳು ಸರಿಸಮ ಕೂತವು. ಒಂದೂ ಉಳಿಯಲಿಲ್ಲ. ನಾನು ಅತ್ತೆ. ತೋಟದ ಯಜಮಾನರು ಕರುಣೆಯಿಂದ ತಮ್ಮ ಬುಟ್ಟಿಯಿಂದ ಎರಡು ಹಣ್ಣು ತೆಗೆದು, "ತಗೋ, ಪಾಪ, ಕೂಸು ಅಳಾಕತ್ತದ" ಎಂದು ಚಾಚಿದರು. ನಾನು ಕೈ ಮುಂದೆ ಮಾಡಿದ್ದೆ. ಅವ್ವ ನನ್ನ ಕೈಯನ್ನು ಹಿಡಿದು ಕೆಳಗಿಳಿಸಿ, "ಇವತ್ತ ಉಳದಿಲ್ರಿ ಯಜಮಾನ್ರ" ಎಂದಳು. ಅಷ್ಟೇ ಮಾತು. ಊರು ಮುಟ್ಟುವವರೆಗೂ ನಾನು ಅಳುತ್ತ, ಅವಳನ್ನು ಬೈಯುತ್ತ ನಡೆದೆ. ಕೈಗೆ ಬಂದ ಹಣ್ಣನ್ನು ಬೇಡವೆನ್ನುವ ಹೆಂಗಸು ಯಾವ ಸೀಮೆಯ ತಾಯಿ ಎಂದು ನನಗೆ ಬಹಳ ವರ್ಷ ಅನ್ನಿಸುತ್ತಿತ್ತು.

ಇನ್ನು ಹತ್ತು ಲಕ್ಷದ ಮೂರರ ವಿಷಯ. ಕಮಲಾಪುರದಲ್ಲಿ ನಮ್ಮ ಅಣ್ಣ ಟ್ರ್ಯಾಕ್ಟರ್ ಓಡಿಸುತ್ತಾನೆ. ಅವನ ಒಬ್ಬಳೇ ಮಗಳು ಸಂಘಮಿತ್ರಾ, ಮನೆಯಲ್ಲಿ ಮಿತ್ರಾ. ಕೆಲವು ಮಕ್ಕಳು ಅಂಚೆಚೀಟಿ ಕೂಡಿಡುತ್ತಾರೆ, ಕೆಲವರು ಕ್ರಿಕೆಟ್ ಆಟಗಾರರ ಚಿತ್ರ. ಈ ಹುಡುಗಿ ಅಂಕಿ ಕೂಡಿಡುತ್ತಿದ್ದಳು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಪಟ್ಟಿ ಇತ್ತು: ನೂರು ದಾಟಿದ ಮೇಲೆ ಬರುವ ಮೊದಲ ಅವಿಭಾಜ್ಯ 101, ಸಾವಿರ ದಾಟಿದ ಮೇಲೆ 1,009, ಹತ್ತು ಸಾವಿರ ದಾಟಿದರೆ 10,007, ಲಕ್ಷ ದಾಟಿದರೆ 1,00,003, ಹತ್ತು ಲಕ್ಷ ದಾಟಿದರೆ 10,00,003. "ಇವು ಊರ ಅಗಸಿ ಬಾಗಲದಾಗ ನಿಂತವರಂಗ ಅತ್ತಿ. ಒಳಗ ಕಾಲಿಟ್ಟ ಕೂಡ್ಲೇ ಮೊದಲು ಸಿಗೋ ಮಂದಿ" ಎಂದಿದ್ದಳು ಒಮ್ಮೆ. ನಾನು ಹೂಂ ಎಂದು ತಲೆಯಾಡಿಸಿ ಚಹಾ ಸೋಸಿದ್ದೆ.

ಎರಡು ವರ್ಷದ ಹಿಂದೆ ಅವಳ ಹತ್ತನೆಯ ಇಯತ್ತೆ ಮುಗಿಯಿತು. ವಿಜ್ಞಾನ ಓದುವುದಾದರೆ ಸಿಟಿಯಲ್ಲೇ ಎಂದು ಅವಳ ಹಟ. ದಿನಾ ಬಸ್ಸಿನಲ್ಲಿ ಕಲಬುರಗಿಗೆ ಕಳಿಸಿ ಕತ್ತಲಾಗುವ ತನಕ ದಾರಿ ಕಾಯುವುದಿಲ್ಲವೆಂದು ಅಣ್ಣನ ಹಟ. ಇಬ್ಬರಿಗೂ ಒಪ್ಪುವ ದಾರಿಯೊಂದಿತ್ತು. ಸಿಟಿಯ ಒಂದು ಟ್ರಸ್ಟಿನವರು ಗಣಿತ ಸ್ಪರ್ಧೆ ನಡೆಸಿ, ಮೊದಲ ಮೂವರಿಗೆ ತಮ್ಮ ಕಾಲೇಜಿನಲ್ಲಿ ಸೀಟು, ಹಾಸ್ಟೆಲ್ ಎರಡನ್ನೂ ಕೊಡುತ್ತಿದ್ದರು. ಮಿತ್ರಾ ಬರೆದಳು. ನಾಲ್ಕನೆಯವಳಾದಳು.

ಅವಳು ನನ್ನ ಖೋಲಿಯಲ್ಲೇ ಇದ್ದು ಓದಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಅಣ್ಣ ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಬ್ಬಳೇ ಇದ್ದು ಇದ್ದು ನಾನು ಕೆಟ್ಟಿದ್ದೇನೆ. ನನ್ನ ಚಹಾದ ಕಪ್ಪನ್ನು ಬೇರೆಯವರು ಮುಟ್ಟಿದರೆ ನನಗೆ ದಿನವೆಲ್ಲ ಕಸಿವಿಸಿ. ರೇಡಿಯೋ ನನಗೆ ಬೇಕಾದಷ್ಟೇ ಜೋರಾಗಿರಬೇಕು. ಆದ್ದರಿಂದ ಆ ಹಾಸ್ಟೆಲ್ ಸೀಟಿಗಾಗಿ ನಾನು ಮಾಡಿದ ಜಗಳದಲ್ಲಿ ನ್ಯಾಯ ಎಷ್ಟಿತ್ತೋ ಸ್ವಾರ್ಥವೂ ಅಷ್ಟೇ ಇತ್ತು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮೂರನೆಯ ಹುಡುಗನಿಗಿಂತ ಮಿತ್ರಾ ಮೂರು ಅಂಕ ಹಿಂದೆ. ಉತ್ತರಪತ್ರಿಕೆ ತೋರಿಸುತ್ತಾರೆಂದು ತಿಳಿದು ಒಂದು ಶನಿವಾರ ಅವಳನ್ನು ಕರೆದುಕೊಂಡು ಟ್ರಸ್ಟಿನ ಆಫೀಸಿಗೆ ಹೋದೆ. ಎರಡು ಅಂಕದ ಒಂದು ಪ್ರಶ್ನೆಗೆ ಕೆಂಪು ಮಸಿಯ ಸೊನ್ನೆ ಬಿದ್ದಿತ್ತು. ಪ್ರಶ್ನೆ: 10,00,003 ಭಾಜ್ಯವೋ ಅವಿಭಾಜ್ಯವೋ? ಮಿತ್ರಾ ಅವಿಭಾಜ್ಯ ಎಂದು ಬರೆದಿದ್ದಳು. ಭಾಜ್ಯ, 7ರಿಂದ ಭಾಗವಾಗುತ್ತದೆ ಎಂದು ಅವರ ಉತ್ತರದ ಹಾಳೆಯಲ್ಲಿತ್ತು. ಮಿತ್ರಾ ನನ್ನ ಸೆರಗು ಜಗ್ಗಿ, "ಹೋಗಂಗಿಲ್ಲ ಅತ್ತಿ. ನಾಕು ಉಳೀತದ" ಎಂದಳು.

ಟ್ರಸ್ಟಿನ ಕಾರ್ಯದರ್ಶಿ ದುಂಡನೆಯ, ನಗುಮುಖದ ಮನುಷ್ಯ. ನಮ್ಮನ್ನು ಕೂರಿಸಿ ನೀರು ಕೊಡಿಸಿದರು. ವಿಷಯ ಕೇಳಿದ ಮೇಲೆ ನಗು ಸ್ವಲ್ಪ ಇಳಿಯಿತು.

"ಮೇಡಂ, ನೀವು ಕನ್ನಡ ಕಲಸೋರು. ಲೆಕ್ಕದಾಗ ಯಾಕ ಬರಾಕತ್ತೀರಿ?"

"ಕನ್ನಡದಾಗೂ ಏಳು ಅಂದ್ರ ಏಳೇ ರೀ. ಒಂದು ಪೆನ್ನು ಕೊಡ್ರಿ" ಎಂದೆ.

ಅವರದೇ ಸ್ಪರ್ಧೆಯ ಕರಪತ್ರದ ಬೆನ್ನಿಗೆ ಭಾಗಿಸಿ ತೋರಿಸಿದೆ. ಏಳರಿಂದ ಭಾಗಿಸಿದರೆ 1,42,857 ಸಲ ಹೋಗಿ ನಾಲ್ಕು ಉಳಿಯಿತು. ಜಾಗ ಇತ್ತೆಂದು ಹನ್ನೊಂದು, ಹದಿಮೂರು ಕೂಡ ಮಾಡಿದೆ. ಎರಡರಲ್ಲೂ ನಾಲ್ಕೇ ಉಳಿಯಿತು. ಛಪ್ಪರದ ಹೊರಗೆ ನಿಂತ ಹುಡುಗಿಯಂತೆ ನನಗೆ ಒಳಗೊಳಗೇ ಖುಷಿಯಾಯಿತು. ಆದರೆ ಕಾರ್ಯದರ್ಶಿಗಳು ಅಷ್ಟು ಸುಲಭಕ್ಕೆ ಬಿಡುವವರಲ್ಲ.

"ಆತ್ರಿ, ಏಳರಿಂದ ಹೋಗಲಿಲ್ಲ. ಇನ್ಯಾವದರಿಂದಲೂ ಹೋಗಂಗಿಲ್ಲ ಅಂತ ಗ್ಯಾರಂಟಿ ಏನು? ಹುಡುಗಿ ಅಂದಾಜಿನ ಮ್ಯಾಲ ಬರದಾಳ. ಬಾಕಿ ಎಲ್ಲಾರೂ ಭಾಜ್ಯ ಅಂತನೇ ಬರದಾರ."

"ಅಂದಾಜಲ್ರಿ. ಹತ್ತು ಲಕ್ಷ ದಾಟಿದ ಮ್ಯಾಲ ಮೊದಲನೇದು ಅದೇ ರೀ. ನನ್ನ ಪಟ್ಟಿಯಾಗ ಅದ" ಎಂದಳು ಮಿತ್ರಾ.

"ಬಾಯಿಪಾಠ ಅಂದಂಗಾತು."

ನಾನು ಮೊಬೈಲ್ ತೆಗೆದು ಹುಡುಕಿ ತೋರಿಸಿದೆ. ಅವರು ಅದನ್ನು ನೋಡಲೂ ಇಲ್ಲ. "ಮೊಬೈಲಿನಾಗ ಏನೇನೋ ಬರ್ತದ್ರಿ. ನಾಳೆ ಸಮಿತಿಯವರು ಕೇಳಿದ್ರ ನಾ ಮೊಬೈಲ್ ತೋರಸ್ಲೇನು? ಯಾವದರಿಂದಲೂ ಹೋಗಂಗಿಲ್ಲ ಅಂತ ಕಾಗದದ ಮ್ಯಾಲ ಮಾಡಿ ತೋರಸ್ರಿ, ಹುಡುಗಿ ಉತ್ತರ ಸರಿ ಅಂತೀನಿ. ಸೋಮವಾರ ಹತ್ತಕ್ಕ ಪಟ್ಟಿ ಅಂಟಸೋದದ."

ಹತ್ತು ಲಕ್ಷದವರೆಗಿನ ಎಲ್ಲ ಸಂಖ್ಯೆಗಳಿಂದ ಯಾರು ಭಾಗಿಸುತ್ತಾರೆ, ಇವರು ಇಲ್ಲಿಗೇ ಬಿಡುತ್ತಾರೆ ಎಂದು ಅವರ ಲೆಕ್ಕ. ಅವರ ಮುಖದ ಮೇಲೆ ಆ ನಗು ತಿರುಗಿ ಬಂದದ್ದನ್ನು ನೋಡಿಯೇ ನನಗೆ ರೇಗಿತು. "ತೋರಸ್ತೀವ್ರಿ" ಎಂದೆ. ಹೊರಗೆ ಬಂದು ರೋಜಾ ಬಡಾವಣೆ ಕಡೆಯಿಂದ ಬರುತ್ತಿದ್ದ ಆಟೋ ಹತ್ತಿದೆವು. ಬಾಯಿಬಿಟ್ಟಾಗಿತ್ತು, ಈಗ ಮಾಡುವುದು ಹೇಗೆ?

"ಹತ್ತು ಲಕ್ಷ ಸಲ ಅಲ್ಲ ಅತ್ತಿ," ಎಂದಳು ಮಿತ್ರಾ, "ಸಾವಿರದ ತನಕ ನೋಡಿದ್ರ ಸಾಕು. ಅದರಾಗೂ ಅವಿಭಾಜ್ಯ ಇದ್ದಷ್ಟೇ. ನೂರಾ ಅರವತ್ತೆಂಟು."

ಯಾಕೆ ಸಾವಿರದವರೆಗೆ ಸಾಕು ಎಂಬುದು ನನಗೆ ಆಟೋದಲ್ಲಿ ಅರ್ಥವಾಗಲಿಲ್ಲ. ಕನ್ನಡ ಮೇಡಂ ನಾನು. ಅದನ್ನು ನನಗೆ ಅರ್ಥ ಮಾಡಿಸಿದವಳು ಮರುದಿನ ಬೆಳಿಗ್ಗೆ ಕಮಲಾಪುರದಲ್ಲಿ ಅವ್ವ. ಮಿತ್ರಾ ಅವಳಿಗೆ ನಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದಳು. ಹೊರಸಿನ ಮೇಲೆ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಅವ್ವ ತಲೆ ಎತ್ತದೆ ಹೇಳಿದಳು:

"ಅದರಾಗ ಏನದ? ಗುಂಪಿ ಹೆಚ್ಚಾದ್ರ ಗುಂಪಿಯೊಳಗಿನ ಹಣ್ಣು ಕಡಿಮಿ ಆಗ್ತಾವ. ಹತ್ತು ಲಕ್ಷ ಹಣ್ಣಿಗಿ ಸಾವಿರಕಿಂತ ಜಾಸ್ತಿ ಗುಂಪಿ ಹಾಕಿದಿ ಅಂದ್ರ, ಒಂದೊಂದು ಗುಂಪಿನಾಗ ಸಾವಿರ ಹಣ್ಣೂ ಇರಂಗಿಲ್ಲ. ಎರಡರಾಗ ಒಂದು ಸಣ್ಣದು ಇರಲೇಬೇಕಲ್ಲ. ಸಣ್ಣದನ್ನೇ ಹುಡುಕು."

ಮಿತ್ರಾ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಎರಡು ಗುಂಪಿ ಸಮ ಕೂರದಿದ್ದರೆ ನಾಲ್ಕೂ ಕೂರುವುದಿಲ್ಲ, ಮೂರು ಕೂರದಿದ್ದರೆ ಒಂಬತ್ತೂ ಕೂರುವುದಿಲ್ಲ. ಹಾಗಾಗಿ ಅವಿಭಾಜ್ಯಗಳನ್ನಷ್ಟೇ ನೋಡಿದರಾಯಿತು ಎಂಬುದನ್ನಂತೂ ಅವ್ವ ಹೇಳುವ ಮಾತೇ ಅಲ್ಲವೆಂದು ಬಿಟ್ಟುಬಿಟ್ಟಳು.

ಕಳೆದ ವರ್ಷದ ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿ ಹನ್ನೆರಡು ಹಾಳೆ ಬಿಡಿಸಿದೆವು. ಫರ್ಸಿ ಕಲ್ಲಿನ ನೆಲ ಏಪ್ರಿಲ್‌ನಲ್ಲೂ ತಣ್ಣಗಿತ್ತು. ಅದರ ಮೇಲೆ ಬೆನ್ನು ಮೇಲಾಗಿ ಹಾಳೆ ಹರಡಿ ಬೋರಲು ಮಲಗಿ ನಾನೂ ಮಿತ್ರಾಳೂ ಸರದಿಯಂತೆ ಭಾಗಿಸತೊಡಗಿದೆವು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಗುಣಿಸಿ ತಾಳೆ ನೋಡಬೇಕು. ಅವ್ವ ಅಡಿಗೆಮನೆಯಿಂದ ಹುಣಸೆ ಬೀಜದ ಡಬ್ಬಿ ತಂದು ನೂರಾ ಅರವತ್ತೆಂಟು ಬೀಜ ಎಣಿಸಿ ಎಡಗಡೆ ಗುಂಪಿ ಹಾಕಿಕೊಂಡಳು. ಒಂದು ಭಾಗಾಕಾರ ಮುಗಿದು ನಾವು ಉಳಿಕೆಯನ್ನು ಕೂಗಿದರೆ ಒಂದು ಬೀಜ ಬಲಗಡೆಗೆ. ಎರಡು, ಮೂರು, ಐದು ಕ್ಷಣದಲ್ಲಿ ಹೋದವು. ಹದಿನೇಳು, ಹನ್ನೆರಡು ಉಳಿಕೆ. ಹತ್ತೊಂಬತ್ತು, ಹದಿನಾಲ್ಕು ಉಳಿಕೆ. ಪ್ರತಿ ಸಲ ಉಳಿಕೆ ಕೇಳಿದಾಗಲೂ ಅವ್ವ, "ಹಾಂ, ನಮಗ ಬಂತು" ಎಂದು ಬೀಜ ಸರಿಸುತ್ತಿದ್ದಳು.

ಅಣ್ಣ ಬಾಗಿಲಲ್ಲಿ ನಿಂತು ನೋಡಿದ. "ಸೀಟು ಸಿಕ್ಕರ ಸಿಕ್ತು, ಇಲ್ಲಂದ್ರ ಇಲ್ಲ. ಇದಕ್ಯಾಕ ಇಷ್ಟು ಕುಸ್ತಿ?" ಎಂದ. ಅವ್ವ ಇನ್ನೊಂದು ಬೀಜ ಸರಿಸಿದಳು. ಅಣ್ಣನ ಹೆಂಡತಿ, ನಮ್ಮ ವೈನಿ, ಜೋಳದ ರೊಟ್ಟಿ, ಪುಂಡಿಪಲ್ಯೆ ತಂದು ಫೆಬ್ರವರಿಯ ಪಕ್ಕದಲ್ಲಿಟ್ಟು ಹೋದಳು. ತಿನ್ನುತ್ತಲೇ ಇನ್ನೂರರವರೆಗಿನ ಅವಿಭಾಜ್ಯಗಳನ್ನು ದಾಟಿದೆವು. ಮೂರುನೂರರ ಹತ್ತಿರ ನನ್ನ ಸೊಂಟ ಬಿಟ್ಟಿತು. ಇಷ್ಟರಲ್ಲಿ ಯಾವುದೋ ಒಂದರಿಂದ ಪೂರ್ತಿ ಭಾಗವಾಗಿ ಸೊನ್ನೆ ಬಂದುಬಿಟ್ಟರೆ ಎಂಬ ಹೆದರಿಕೆ ಪ್ರತಿ ಸಲವೂ ಇತ್ತು. ಮೊಬೈಲ್ ಹೇಳಿದ್ದು ನನಗೆ ಮರೆತೇ ಹೋಗಿತ್ತು. ಕೈಯಲ್ಲಿ ಮಾಡುವಾಗ ಗೊತ್ತಿದ್ದದ್ದೂ ಗೊತ್ತಿಲ್ಲದ್ದೇ ಆಗುತ್ತದೆ, ಮಾಡಿ ನೋಡಿ ಬೇಕಾದರೆ.

ಸಂಜೆ ಬಿಸಿಲು ಅಂಗಳದ ಆಚೆ ಗೋಡೆ ಹತ್ತುವ ಹೊತ್ತಿಗೆ ಡಿಸೆಂಬರಿನ ಹಾಳೆಗೆ ಬಂದೆವು. ಕೊನೆಯದು ಒಂಬೈನೂರ ತೊಂಬತ್ತೇಳು. ಮಿತ್ರಾ ನಿಧಾನವಾಗಿ ಮಾಡಿದಳು. ಸಾವಿರದ ಮೂರು ಸಲ ಹೋಯಿತು. "ಹನ್ನೆರಡು ಉಳೀತು ಆಯಿ!" ಎಂದು ಅಜ್ಜಿಗೆ ಕೂಗಿ ನೆಲದ ಮೇಲೆ ಅಂಗಾತ ಬಿದ್ದಳು.

"ಒಂದು ಡಜನ್!" ಎಂದಳು ಅವ್ವ. ನಲವತ್ತು ವರ್ಷದಲ್ಲಿ ಅವಳಿಗೆ ಒಂದೇ ದಿನ ಅಷ್ಟು ಉಳಿದದ್ದಿಲ್ಲ. ಬೀಜ ಸರಿಸಿದಳು. ಆಮೇಲೆ ಎಡಗಡೆ ನೋಡಿ, "ಒಂದು ಬೀಜ ಉಳದದ ಇಲ್ಲಿ" ಎಂದಳು.

"ನೀನೇ ಒಂದು ಸಲ ಸರಸೋದು ಮರ್ತಿರಬೇಕು ಬಿಡವ್ವ" ಎಂದೆ. ನನಗೆ ಎದ್ದು ಸೊಂಟ ನೆಟ್ಟಗೆ ಮಾಡಿದರೆ ಸಾಕಾಗಿತ್ತು.

ಅವ್ವ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. "ನಲವತ್ತು ವರ್ಷ ಗುಂಪಿ ಹಾಕೀನಿ. ಒಬ್ಬಾಕಿನೂ ಒಂದು ಹಣ್ಣು ಕಡಿಮಿ ಬಿತ್ತು ಅಂತ ತಿರುಗಿ ಬಂದಿಲ್ಲ. ನೀವು ಓದಿದವರು ಬಿಟ್ಟೀರಿ, ಹುಡುಕ್ರಿ."

ಹುಡುಕಿದೆವು. ಜೂನ್ ಹಾಳೆಯ ಕೊನೆಯ ಭಾಗಾಕಾರ 491ರದು, ಜುಲೈ ಹಾಳೆಯ ಮೊದಲನೆಯದು 503ರದು. ನಡುವೆ 499 ಬಿಟ್ಟೇಹೋಗಿತ್ತು. ಹಾಳೆ ಬದಲಿಸಿದ್ದು ನಾನು. ಆ ಒಂದನ್ನು ಹಿಡಿದು ನಾಳೆ ಕಾರ್ಯದರ್ಶಿಗಳು ಹೇಗೆ ನಗುತ್ತಿದ್ದರು ಎಂದು ನೆನೆದು ನನ್ನ ಕಿವಿ ಬಿಸಿಯಾಯಿತು. ಮಿತ್ರಾ ಜೂನಿನ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಅದನ್ನೂ ಮಾಡಿದಳು. ಏಳು ಉಳಿಯಿತು. ಅವ್ವ ಅರಿಸಿನದ ಕೈಯಿಂದ ಕೊನೆಯ ಬೀಜ ಸರಿಸಿ, ಡಿಸೆಂಬರ್ ಹಾಳೆಯನ್ನು ಎತ್ತಿ ಹನ್ನೆರಡು ಎಲ್ಲಿದೆ ತೋರಿಸು ಎಂದು ಕೇಳಿ, ತೋರಿಸಿದ ಜಾಗವನ್ನು ಬೆರಳಿಂದ ಮುಟ್ಟಿದಳು.

ಸೋಮವಾರ ಹತ್ತಕ್ಕೆ ಇನ್ನೂ ಕಾಲು ಗಂಟೆ ಇರುವಾಗಲೇ ಕಾರ್ಯದರ್ಶಿಗಳ ಮೇಜಿನ ಮೇಲೆ ಜನವರಿಯಿಂದ ಡಿಸೆಂಬರ್‌ವರೆಗೆ ಹರಡಿದೆವು. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ನೋಡಿದರು. ಮಾರ್ಚಿಗೆ ಬಂದಾಗ ಅವರ ನಗು ಹೋಗಿತ್ತು, ಆಗಸ್ಟಿಗೆ ಬಂದಾಗ ಮುಖದಲ್ಲಿ ಏನೋ ಬೇರೆ ಬಂತು. ಒಳ್ಳೆಯ ಮನುಷ್ಯನೇ. ಕೊನೆಗೆ ಕನ್ನಡಕ ತೆಗೆದು, ತಾವಾಗಿಯೇ ಹೇಳಿಬಿಟ್ಟರು.

"ತಪ್ಪು ನಂದೇ ಅದ್ರಿ ಮೇಡಂ. ಪ್ರಶ್ನಿ ತೆಗದವರು 10,003 ಅಂತ ಬರದಿದ್ರು. ಅದು ಏಳರಿಂದ ಹೋಗ್ತದ. ಇಷ್ಟು ದೊಡ್ಡ ಸ್ಪರ್ಧಾಕ್ಕ ಹತ್ತು ಸಾವಿರ ಅಂದ್ರ ಸಣ್ಣದು ಕಾಣ್ತದ ಅಂತ ನಾನೇ ನಡುವ ಎರಡು ಸೊನ್ನಿ ಹಾಕಸಿದೆ. ಸೊನ್ನಿ ಅಂದ್ರ ಸೊನ್ನಿನೇ ಅಲ್ಲೇನ್ರಿ, ಅದರಿಂದ ಏನಾಗ್ತದ ಅಂದ್ಕೊಂಡೆ."

ಮದುವೆಯ ಪತ್ರಿಕೆಯಲ್ಲಿ ಅತಿಥಿಗಳ ಹೆಸರಿನ ಹಿಂದೆ ಎರಡು ಬಿರುದು ಸೇರಿಸುವವರನ್ನು ನಾನು ಕಂಡಿದ್ದೇನೆ. ಸಂಖ್ಯೆಗೇ ದೊಡ್ಡಸ್ತಿಕೆ ಕೊಟ್ಟವರನ್ನು ಅವತ್ತೇ ಕಂಡದ್ದು. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಗೆದ್ದೆವು ಎಂದುಕೊಂಡೆ.

"ಹಂಗಾದ್ರ ಹಿಂಗ ಮಾಡೋಣು," ಎಂದರು ಕಾರ್ಯದರ್ಶಿಗಳು, "ಪ್ರಶ್ನಿನೇ ತಪ್ಪಾಗೇದ. ಎಲ್ಲಾರಿಗೂ ಎರಡೆರಡು ಕೃಪಾಂಕ ಕೊಟ್ಟುಬಿಡ್ತೀವಿ. ನಿಮ್ಮ ಹುಡುಗಿಗೂ ಎರಡು."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಭಾಜ್ಯ ಎಂದು ಬರೆದ ಮೂರನೆಯ ಹುಡುಗನಿಗೆ ಎರಡು ಅಂಕ ಆಗಲೇ ಸಿಕ್ಕಿದೆ, ಅದು ಉಳಿಯುತ್ತದೆ. ಮಿತ್ರಾಳಿಗೆ ಎರಡು ಬಂದರೂ ಅವಳು ಒಂದು ಅಂಕ ಹಿಂದೆಯೇ. ತಪ್ಪು ಬರೆದವರ ಎರಡು ಹೋಗಿ ಸರಿ ಬರೆದವಳಿಗೆ ಎರಡು ಬಂದರೆ ಮಾತ್ರ ಅವಳು ಒಂದು ಅಂಕ ಮುಂದೆ.

"ಪ್ರಶ್ನಿ ತಪ್ಪಿಲ್ರಿ, ನಿಮ್ಮ ಉತ್ತರ ತಪ್ಪದ" ಎಂದೆ. "ಅಚ್ಚಾದದ್ದನ್ನ ಓದಿ ಬರದಾಳ ಹುಡುಗಿ. ನೀವು ಶನಿವಾರ ಏನಂದ್ರಿ? ತೋರಸಿದ್ರ ಸರಿ ಅಂತೀನಿ ಅಂದಿದ್ರಿ."

"ಕೊಟ್ಟದ್ದನ್ನ ಹ್ಯಾಂಗ ಕಸಗೋಬೇಕ್ರಿ? ಆ ಹುಡುಗರ ಮನಿಯವರು ಬಂದು ಕೂಡ್ತಾರ. ಕೃಪಾ ಮಾಡಿ ಕೊಡಾಕತ್ತೀವಿ, ತಗೋರಿ." ಹೀಗೆಂದು ಒಂದು ಅರ್ಜಿಯ ನಮೂನೆಯನ್ನು ಮಿತ್ರಾಳ ಮುಂದೆ ಸರಿಸಿದರು. ಕೃಪಾಂಕ ಒಪ್ಪಿಕೊಂಡಿದ್ದೇನೆ, ಇನ್ನು ತಕರಾರಿಲ್ಲ ಎಂದು ಸಹಿ ಮಾಡಬೇಕು.

ನಾನು ಬಾಯಿ ತೆರೆಯುವುದರೊಳಗೆ ಹುಡುಗಿ ಪೆನ್ನು ತೆಗೆದುಕೊಂಡಿದ್ದಳು. ಸಹಿ ಮಾಡುವ ಜಾಗದಲ್ಲಿ ಅವಳು ಬರೆದದ್ದು ಇಷ್ಟು: "ನನಗೆ ಕೃಪಾಂಕ ಬೇಡ. ನನ್ನ ಉತ್ತರ ಸರಿ ಇದೆ." ಕೆಳಗೆ ಪೂರ್ತಿ ಹೆಸರು.

"ಏ ಹುಚ್ಚಿ, ಬಾಕಿ ಎಲ್ಲಾರಿಗೂ ಎರಡು ಇರ್ತಾವ, ನಿನಗೊಬ್ಬಾಕಿಗೇ ಸೊನ್ನಿ ಉಳೀತದ" ಎಂದರು ಕಾರ್ಯದರ್ಶಿಗಳು.

"ಉಳೀಲಿ ರೀ" ಎಂದಳು ಮಿತ್ರಾ. "ಸರಿ ಅಂತ ಬರದು ಎರಡು ಕೊಡ್ರಿ, ಇಲ್ಲಂದ್ರ ಸೊನ್ನಿ ಇಡ್ರಿ. ನಾ ಬೇಡಾಕ ಬಂದಿಲ್ರಿ."

ಎಲ್ಲಿಯೋ ಒಂದು ಛಪ್ಪರ, ಚಾಚಿದ ಎರಡು ಹಣ್ಣು, ನನ್ನ ಕೈ ಹಿಡಿದು ಕೆಳಗಿಳಿಸಿದ ಇನ್ನೊಂದು ಕೈ. ಅವತ್ತು ದಾರಿಯುದ್ದಕ್ಕೂ ಅವ್ವನನ್ನು ಬೈದೆನಲ್ಲ, ಆ ಪ್ರತಿ ಮಾತಿಗೂ ಇವತ್ತು ನಾಚಿಕೆಯಾಯಿತು. ಕಾರ್ಯದರ್ಶಿಗಳು ಹಾಳೆಗಳನ್ನಾದರೂ ಫೈಲಿಗೆ ಇಡುತ್ತೇನೆ ಎಂದರು. ಮಿತ್ರಾ ಹನ್ನೆರಡನ್ನೂ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, "ಜೆರಾಕ್ಸ್ ಮಾಡಸ್ಕೋರಿ" ಎಂದಳು. ಅವರು ಮಾಡಿಸಿಕೊಳ್ಳಲಿಲ್ಲ. ಹತ್ತಕ್ಕೆ ಸರಿಯಾಗಿ ಹಳೆಯ ಪಟ್ಟಿಯನ್ನೇ ಅಂಟಿಸಿದರು.

ನಾವಿಬ್ಬರೂ ಕಮಲಾಪುರದ ಬಸ್ಸು ಹತ್ತಿದೆವು. ಮನೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ನಾನು ನಡೆದದ್ದನ್ನು ಹೇಳಿದೆ. ಅಣ್ಣ, "ನಾ ಮೊದಲೇ ಅಂದಿದ್ದೆ" ಎನ್ನಲು ಬಾಯಿ ತೆರೆದು, ಮಗಳ ಮುಖ ನೋಡಿ ಅವಳಿಗೆ ನೀರು ತಂದುಕೊಟ್ಟ. ಅವ್ವ ಒಂದೇ ಪ್ರಶ್ನೆ ಕೇಳಿದಳು: "ಕೈ ಚಾಚಿದೇನು?"

"ಇಲ್ಲ ಆಯಿ."

ಅವ್ವ ಎದ್ದು ಒಳಗೆ ಹೋಗಿ ಬುಟ್ಟಿ ತಂದಳು. ಅದರಲ್ಲಿ ಕೆಂಪು ಬಾಳೆಹಣ್ಣು, ಎಣಿಸಿ ಹನ್ನೆರಡು. ಬೆಳಿಗ್ಗೆಯೇ ತರಿಸಿಟ್ಟಿದ್ದಳು. ಮಿತ್ರಾಳ ಮುಂದೆ ಸರಿಸಿ, "ನಿನ್ನೆ ಉಳದದ್ದು. ನಿನ್ನವು. ಗುಂಪಿ ಹಾಕು" ಎಂದಳು.

ಮಿತ್ರಾ ಫರ್ಸಿಯ ಮೇಲೆ ಕೂತು ಗುಂಪಿ ಹಾಕಿದಳು. ಅವ್ವ, ಅಣ್ಣ, ವೈನಿ, ನಾನು, ತಾನು: ಐದು ಜನ, ಎರಡೆರಡು. ಎರಡು ಹಣ್ಣು ಉಳಿದವು. ಎಲ್ಲರೂ ಅವನ್ನೇ ನೋಡಿದೆವು. ಅವು ಯಾರವು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಒಂದನ್ನು ಅವಳು ಅಲ್ಲೇ ಸುಲಿದು ಮೂರೇ ತುತ್ತಿಗೆ ತಿಂದಳು. ಇನ್ನೊಂದನ್ನು ನನ್ನ ಚೀಲದೊಳಗೆ ಇಟ್ಟಳು.

"ಇದನ್ನ ಖೂಬಾ ಪ್ಲಾಟಿಗಿ ಒಯ್ಯಿ ಅತ್ತಿ. ಗುರುವಾರ ಕಾಲೇಜಿಗಿ ಅರ್ಜಿ ಕೊಡಾಕ ಬರ್ತೀನಲ್ಲ, ಅವಾಗ ತಿಂತೀನಿ."

ಅಣ್ಣ ನನ್ನ ಕಡೆ ನೋಡಿದ. ವೈನಿ ನೋಡಿದಳು. ಅವ್ವ ಮಾತ್ರ ನೋಡಲಿಲ್ಲ, ತನ್ನ ಪಾಲಿನ ಹಣ್ಣು ಸುಲಿಯುತ್ತಿದ್ದಳು. ನನ್ನ ಕಪ್ಪು, ನನ್ನ ರೇಡಿಯೋ, ನನ್ನ ಇಪ್ಪತ್ತೆರಡು ವರ್ಷ ಎಲ್ಲವೂ ಕಣ್ಣ ಮುಂದೆ ಬಂದವು. ಕೊನೆಯ ಪ್ರಯತ್ನವೊಂದನ್ನು ಮಾಡಿದೆ.

"ಒಂದೇ ಖೋಲಿ ಅದ ನಂದು" ಎಂದೆ. "ಇರೋದು ಒಂದೇ ಕಪಾಟು."

"ಎಷ್ಟು ಖಾನಿ ಅವ?"

"ನಾಕು."

"ಎರಡರಿಂದ ಹೋಗ್ತದಲ್ಲ" ಎಂದಳು ಮಿತ್ರಾ.